ತೋಳಿನ ಕೊನೆಯ ಕುಣಿಕೆ

"ಮನೇಲಿ ಏನು ಬೇಕಾದ್ರೂ ಬಳಸ್ಕೊಳ್ಳಿ. ಬಾಗಿಲ ಹಿಂದೆ ನೇತಾಡ್ತಿರೋ ಆ ಸ್ವೆಟರ್ ಮಾತ್ರ ಮುಟ್ಬೇಡಿ," ಎಂದಳು ಬೀಗದ ಕೈ ಕೊಡಲು ಬಂದ ಮುದುಕಿ.

ರಜೆಗೆಂದು ಆ ಮನೆ ಬಾಡಿಗೆಗೆ ಹಿಡಿದಿದ್ದ ಟೈಲರ್ ನಕ್ಕ. "ಯಾಕಜ್ಜಿ, ಕಚ್ಚುತ್ತಾ?"

ಮುದುಕಿ ನಗಲಿಲ್ಲ. "ಮುಟ್ಟಿದ್ರೂ ಹೋಗ್ಲಿ, ಎಡತೋಳಿನ ತುದೀಲಿ ಒಂದು ಕುಣಿಕೆ ತೆರೆದೇ ಇದೆ. ಅದಕ್ಕೆ ಗಂಟು ಹಾಕ್ಬೇಡಿ. ಮಾಟದ ಹೆಣಿಗೆ ಅದು. ಮುಗೀದೆ ನಿಂತಿರೋದೇ ಪುಣ್ಯ."

"ಹಾಗಿದ್ರೆ ಒಲೆಗೆ ಹಾಕೋದು ತಾನೇ?"

ಮುದುಕಿ ಶಾಲಿನೊಳಗಿಂದ ಬಲಗೈ ಹೊರತೆಗೆದಳು. ಬೆರಳುಗಳು ಬೆಂದು ಒಂದಕ್ಕೊಂದು ಅಂಟಿಕೊಂಡಿದ್ದವು. "ಹಾಕಿದ್ದೆ. ಉಣ್ಣೆ ಸುಡ್ಲಿಲ್ಲ."

ಅವಳು ಮೆಟ್ಟಿಲಿಳಿದು ಮಂಜಿನಲ್ಲಿ ಕರಗಿದ ಮೇಲೆ ಟೈಲರ್ ಹೆಂಡತಿಯ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ಒಲೆ ಮುಂದೆ ತೂಕಡಿಸಿ ಕೈ ಸುಟ್ಕೊಂಡು, ಈಗ ಮಾಟದ ಮೇಲೆ ಹಾಕ್ತಿದಾಳೆ."

ಹೆಂಡತಿಗೆ ನಗು ಬರಲಿಲ್ಲ. ಬೆಟ್ಟದ ಮೇಲಿನ ಆ ತಂಪಿನ ಊರಿಗೆ ಬರಬೇಕೆಂದು ಅವಳು ಮದುವೆಯಾದಂದಿನಿಂದ ಕೇಳುತ್ತಿದ್ದಳು. ಕೊನೆಗೂ ಬಂದದ್ದಾಯಿತು, ಆದರೆ ದಾರಿಯುದ್ದಕ್ಕೂ ಜಗಳವೇ. ಅವಳು ತುಂಬಿದ ಪೆಟ್ಟಿಗೆ ಸರಿಯಿಲ್ಲವೆಂದು, ಹೊರಡುವ ಗಳಿಗೆಯಲ್ಲಿ ಎಲ್ಲವನ್ನೂ ಹೊರಗೆ ಸುರಿದು ಮತ್ತೆ ಜೋಡಿಸಿದವನು ಗಂಡ. ಮಗಳ ಸ್ವೆಟರ್ ಮಂಚದ ಮೇಲೆಯೇ ಉಳಿದಿತ್ತು. ತಪ್ಪು ತನ್ನದೆಂದು ಅವನು ಈವರೆಗೂ ಒಪ್ಪಿರಲಿಲ್ಲ.

ಅವನ ಕಸುಬೇ ಹಾಗಿತ್ತು. ಬೇರೆಯವರು ಹೊಲಿದು ಕೆಡಿಸಿದ್ದನ್ನು ಬಿಚ್ಚಿ ಸರಿಮಾಡುವ ಆಲ್ಟರೇಶನ್ ಅಂಗಡಿ ಅವನದು. ಅಂಗಡಿಯಲ್ಲಿ ಅದು ಅನ್ನ ಕೊಡುವ ವಿದ್ಯೆ, ಮನೆಯಲ್ಲಿ ಮೊಸರಲ್ಲಿ ಕಲ್ಲು ಹುಡುಕುವ ಚಟ. ಹೆಂಡತಿ ಹಾಸಿದ ಹಾಸಿಗೆ, ಮಡಿಸಿದ ಬಟ್ಟೆ, ಮಗಳಿಗೆ ಹಾಕಿದ ಜಡೆ, ಯಾವುದೂ ಅವನ ಕೈಯಲ್ಲಿ ಇನ್ನೊಮ್ಮೆ ಬಿಚ್ಚಿಸಿಕೊಳ್ಳದೆ ಉಳಿಯುತ್ತಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ. ಹೆಂಡತಿ ಮೊದಮೊದಲು ವಾದಿಸುತ್ತಿದ್ದಳು. ಆಮೇಲೆ ಸುಮ್ಮನಾದಳು. ಆ ಮೌನವನ್ನು ಅವನು ಒಪ್ಪಿಗೆ ಎಂದುಕೊಂಡಿದ್ದ.

ಮಗಳು ದುಂಡುದುಂಡಗಿದ್ದಳು, ಹಾಗಾಗಿ ಅಪ್ಪನ ಬಾಯಲ್ಲಿ ಗುಂಡಿ. ಟೈಲರ್ ಮಗಳಿಗೆ ಅದಕ್ಕಿಂತ ಒಳ್ಳೆಯ ಹೆಸರು ಬೇಕೆ? ಮರುದಿನ ಬೆಳಿಗ್ಗೆ ಗುಂಡಿಯ ಹಲ್ಲು ಕಟಕಟ ಎನ್ನುತ್ತಿತ್ತು. ತುಟಿ ನೀಲಿಯಾಗಿತ್ತು.

"ಅಂಗಡಿ ತೆಗೆಯೋವರೆಗೂ ಕಾಯೋಣ, ಹೊಸದು ತಗೊಳ್ಳೋಣ," ಎಂದಳು ಹೆಂಡತಿ.

"ಇಷ್ಟು ಚೆನ್ನಾಗಿರೋದು ಮನೇಲೇ ಇದೆ." ಅವನು ಬಾಗಿಲ ಹಿಂದಿನ ಗೂಟದಿಂದ ಸ್ವೆಟರ್ ಇಳಿಸಿದ.

ಕಡುಗೆಂಪು ಉಣ್ಣೆ, ಮಕ್ಕಳ ಅಳತೆಯದು. ನುಸಿಗುಳಿಗೆಯ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ, ಕೂದಲು ಸುಟ್ಟಂಥದು. ಹೆಣಿಗೆ ಮಾತ್ರ ಅಪ್ಪಟ. ಅವನು ಬೆಳಕಿಗೆ ಹಿಡಿದು ನೋಡಿದ. ಪ್ರತಿ ಸಾಲಿನಲ್ಲೂ ಉಣ್ಣೆಯ ಜೊತೆ ಒಂದೊಂದು ಉದ್ದನೆಯ ಕರಿಯ ಕೂದಲೆಳೆ ಸೇರಿಕೊಂಡಿತ್ತು. ಹೆಂಗಸರು ಹೆಣೆಯುವಾಗ ಕೂದಲು ಉದುರುವುದು ಸಹಜ, ಎಂದುಕೊಂಡ. ಎಡತೋಳಿನ ತುದಿಯಲ್ಲಿ ಒಂದೇ ಒಂದು ಕುಣಿಕೆ ಬಾಯಿ ತೆರೆದು ನಿಂತಿತ್ತು. ಅದಕ್ಕೊಂದು ತುಕ್ಕು ಹಿಡಿದ ಪಿನ್ನು ಚುಚ್ಚಿದ್ದರು.

"ರೀ, ಬೇಡ. ಅಜ್ಜಿ ಅಷ್ಟು ಹೇಳಿದಾರೆ."

"ಇಂಥ ಕೆಲಸಾನ ಯಾರಾದ್ರೂ ಅರ್ಧಕ್ಕೆ ಬಿಡ್ತಾರೇನೇ? ನೋಡೋಕಾಗ್ತಿಲ್ಲ ನಂಗೆ."

ಪಿನ್ನು ತೆಗೆದ. ನೇತಾಡುತ್ತಿದ್ದ ದಾರದ ತುದಿಯನ್ನು ಕುಣಿಕೆಯೊಳಗೆ ತೂರಿಸಿದ. ಎಳೆದು ಬಿಗಿದ. ಗಂಟು ಬಿದ್ದ ಕ್ಷಣ ಯಾರೋ ಬೆನ್ನ ಹಿಂದೆ ಹಿಡಿದಿಟ್ಟ ಉಸಿರನ್ನು ಬಿಟ್ಟಂತಾಯಿತು. ತಿರುಗಿದರೆ ಬರಿಯ ಗೋಡೆ. ಗುಂಡಿ ಸ್ವೆಟರ್ ತೊಟ್ಟು ಕೈಯಗಲಿಸಿ ಗಿರ್ರನೆ ಸುತ್ತಿದಳು. ಹೇಳಿ ಹೊಲಿಸಿದಂತೆ ಕೂತಿತ್ತು.

ಮೂವರೂ ಕಣಿವೆಯ ಅಂಚಿನ ನೋಟದ ಕಟ್ಟೆಗೆ ನಡೆದರು. ಇಕ್ಕಟ್ಟಿನ ಇಳಿಜಾರು ಬೀದಿ, ಹೊಗೆ ಬಿಡುವ ಟೀ ಅಂಗಡಿಗಳು, ಬಣ್ಣಬಣ್ಣದ ಟೋಪಿ ಮಾರುವವರು. ಟೀ ಅಂಗಡಿಯವನು ಎರಡೇ ಲೋಟ ತಂದಿಟ್ಟ. "ಮಗೂಗೆ ಹಾಲು?" ಎಂದ ಟೈಲರ್. ಅಂಗಡಿಯವನು ಬೆಂಚಿನ ಮೇಲೆ ಅತ್ತಿತ್ತ ನೋಡಿ, ತಬ್ಬಿಬ್ಬಾಗಿ, ಹಾಲು ತಂದ. ಹೆಂಡತಿ ಮಗಳಿಗೆ ಎರಡು ಸಲ ಟೋಪಿ ಸರಿಪಡಿಸಿದವಳು ಮೂರನೆಯ ಸಲ ಕೈ ಎತ್ತಿ, ಯಾತಕ್ಕೆ ಎತ್ತಿದೆನೆಂದು ಮರೆತವಳಂತೆ ಇಳಿಸಿದಳು. ಅವನು ಗಮನಿಸಿದ, ಆದರೆ ಚಳಿಗೆ ಹಾಗಾಯಿತು ಎಂದುಕೊಂಡ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಟ್ಟೆಯ ಮೇಲೆ ಮಂಜು ಒಮ್ಮೆಲೇ ಏರಿ ಬಂತು. ಚಾಚಿದ ಕೈ ಕಾಣದಷ್ಟು ಬಿಳಿ ಕತ್ತಲೆ. ಸ್ವಲ್ಪ ಹೊತ್ತಿಗೆ ಹೆಂಡತಿ ಅದರೊಳಗಿಂದ ಒಬ್ಬಳೇ ಬಂದಳು.

"ಹೋಗೋಣ್ವಾ? ಏನೂ ಕಾಣಲ್ಲ."

"ಗುಂಡಿ ಎಲ್ಲಿ?"

"ಯಾವ ಗುಂಡಿ? ಕೋಟಿಂದು ಬಿತ್ತಾ?"

ಜಗಳದ ಸಿಟ್ಟಿಗೆ ಆಟವಾಡಿಸುತ್ತಿದ್ದಾಳೆ ಎಂದುಕೊಂಡು ಅವನು ರೇಗಿದ. "ತಮಾಷೆ ಸಾಕು. ಮಗು ಎಲ್ಲಿ?"

"ಯಾರ ಮಗು?" ಅವಳ ಕಣ್ಣಲ್ಲಿ ತುಂಟತನದ ಸುಳಿವೂ ಇರಲಿಲ್ಲ.

ಕೂಗುತ್ತ ಓಡಿದ. ಕಂಬಿಯ ಪಕ್ಕದಲ್ಲೇ ನಿಂತಿದ್ದಳು ಗುಂಡಿ. ಅತ್ತು ಅತ್ತು ಗಂಟಲು ಕಟ್ಟಿತ್ತು. ಸುತ್ತ ನಿಂತ ಜನರಲ್ಲಿ ಒಬ್ಬರೂ ಅವಳ ಕಡೆ ನೋಡುತ್ತಿರಲಿಲ್ಲ. ಅವನು ಎತ್ತಿಕೊಂಡು ಬಂದಾಗ ಮಗು ತಾಯಿಯ ಕುತ್ತಿಗೆಗೆ ಜೋತುಬಿತ್ತು. ಹೆಂಡತಿ ಮೆಲ್ಲಗೆ, ಬೇರೆಯವರ ಮಕ್ಕಳ ಜೊತೆ ಇರುವ ಮರ್ಯಾದೆಯಿಂದ, ಆ ಪುಟ್ಟ ಕೈಗಳನ್ನು ಬಿಡಿಸಿದಳು.

"ಅಳಬೇಡ ಪುಟ್ಟಾ. ನಿಮ್ಮಮ್ಮ ಎಲ್ಲಿದಾರೆ?"

ಗುಂಡಿಯ ಅಳು ನಿಂತೇಹೋಯಿತು. ಅವನು ಬದುಕಿನಲ್ಲಿ ಅಂಥ ಮುಖವನ್ನು ಕಂಡಿರಲಿಲ್ಲ.

ಇಬ್ಬರನ್ನೂ ಎಳೆದುಕೊಂಡು ಮನೆ ಸೇರುವ ಹೊತ್ತಿಗೆ ಸಂಜೆ ಮಬ್ಬುಗಟ್ಟಿತ್ತು. ಸ್ವೆಟರ್ ಕಳಚಲು ನೋಡಿದ. ಕೊರಳು ಬಿಗಿದು ಮಗು ಕೆಮ್ಮಿತು. ಕತ್ತರಿ ಹಾಕಿದ. ಕತ್ತರಿಯ ಬಾಯಿ ಮೊಂಡಾಯಿತು, ಎಳೆ ಒಂದೂ ಹರಿಯಲಿಲ್ಲ. ಮಗಳ ನಿಜವಾದ ಹೆಸರಿನಿಂದ ಕರೆದು ಧೈರ್ಯ ಹೇಳಬೇಕೆಂದು ಬಾಯಿ ತೆರೆದ. ಹೆಸರು ನಾಲಿಗೆಯ ತುದಿಯವರೆಗೆ ಬಂತು. ಹೊರಗೆ ಬರಲಿಲ್ಲ. ತಾನೇ ಇಟ್ಟ ಹೆಸರು.

ಮುದುಕಿ ಬಾಗಿಲಲ್ಲಿ ನಿಂತಿದ್ದಳು. ಯಾರೂ ಕರೆದಿರಲಿಲ್ಲ.

"ಗಂಟು ಹಾಕಿದ್ರಿ," ಎಂದಳು.

ಅವನು ಅವಳ ಕಾಲಿಗೆ ಬಿದ್ದ.

"ನಮ್ಮಕ್ಕ ಹೆಣೆದಿದ್ದು ಅದು. ಎರಡನೇ ಹೆಂಡ್ತಿ ಅವಳು. ಮೊದಲನೆಯವಳ ಮಗು ಈ ಮನೇಲಿತ್ತು. ಹೆತ್ತಪ್ಪನೂ ಆ ಮಗೂನ ಮರೀಲಿ ಅಂತ, ಸತ್ತವಳ ಕೂದಲು ಸೇರಿಸಿ, ಒಂದೊಂದು ಕುಣಿಕೆಗೂ ಮಂತ್ರ ಹೇಳಿ ಹೆಣೆದ್ಲು. ಕೊನೇ ಕುಣಿಕೆ ಹಾಕೋವಾಗ ಮಗು ಬಂದು ಮೊದಲ ಸಲ 'ಅಮ್ಮಾ' ಅಂತು. ಅಕ್ಕನ ಕೈಯಿಂದ ಸೂಜಿ ಬಿತ್ತು."

"ಬಿಚ್ಚೋಕೆ ಏನು ಮಾಡ್ಬೇಕು, ಹೇಳಿ!"

"ಗಂಟು ಹಾಕಿದ ಕೈಯೇ ಬಿಚ್ಬೇಕು. ಬಿಚ್ಚಿದ ದಾರ ನೆಲಕ್ಕೆ ಬೀಳಬಾರದು. ಯಾರಾದ್ರೂ ಮೈಗೆ ಸುತ್ಕೋಬೇಕು. ಮಾಟ ಬರಿಗೈಲಿ ಹೋಗಲ್ಲಪ್ಪ. ಕತ್ತಲಾಗೋದ್ರೊಳಗೆ ಮುಗೀಲಿಲ್ಲ ಅಂದ್ರೆ ನೀವೂ ಮರೀತೀರಿ. ಆಮೇಲೆ ಬಿಚ್ಚೋರೂ ಇರಲ್ಲ."

ಅವನು ಗಂಟಿಗೆ ಉಗುರು ಹಾಕಿದ. ಉಗುರು ಕಿತ್ತು ಬಂತು. ಗಂಟು ಸಡಿಲಿತು. ಎಳೆದ. ಸಾಲು ಬಿಚ್ಚಿತು. ದಾರವನ್ನು ತನ್ನ ಎಡಗೈಗೆ ಸುತ್ತಿದ. ಹಿಮದಂಥ ತಣುಪು ಮೂಳೆಗಿಳಿಯಿತು. ಪ್ರತಿ ಕುಣಿಕೆ ಬಿಚ್ಚುವಾಗಲೂ ಒಂದು ಹೆಣ್ಣುದನಿ ಕಿವಿಯಲ್ಲಿ ಪಿಸುಗುಟ್ಟಿತು. ಮರೆಯಲಿ. ಮರೆಯಲಿ. ಮರೆಯಲಿ.

ದೀಪ ಹೋಯಿತು. ಕೂದಲು ಸುಟ್ಟ ವಾಸನೆ ಕೋಣೆ ತುಂಬಿತು. ಕಿಟಕಿಯ ಸಂದಿಯಿಂದ ಮಂಜು ತೆವಳಿ ಒಳಗೆ ಬಂತು. ಎದುರಿಗೆ ಒಂದು ಮಗು ಕೂತಿತ್ತು. ಯಾರದು? ಅವನ ಕೈ ನಿಂತಿತು. ಯಾಕೆ ಬಿಚ್ಚುತ್ತಿದ್ದೇನೆ? ಎಷ್ಟು ಅಚ್ಚುಕಟ್ಟಾದ ಹೆಣಿಗೆ! ಯಾರಾದರೂ ಇದನ್ನು ಹಾಳುಮಾಡುತ್ತಾರೆಯೇ?

"ಅಪ್ಪಾ," ಎಂದಿತು ಮಗು.

ಎಳೆದ. ಸುತ್ತಿದ. ಎಳೆದ. ಸ್ವೆಟರಿನ ತೋಳು ಹೋಯಿತು. ಎದೆ ಹೋಯಿತು. ಅವನ ಕೈ, ಭುಜ, ಕೊರಳು, ಎಲ್ಲ ಕೆಂಪು. ಮರೆಯಲಿ. ಎಳೆದ. ಕಿಟಕಿಯಲ್ಲಿ ಬೆಳಕಿನ ಕೊನೆಯ ಗೆರೆ. ಇನ್ನೊಂದು ಸಾಲು. ಇನ್ನೊಂದೇ. ಬಂತು!

ದೀಪ ಹತ್ತಿತು. ಅವನ ಮೈಮೇಲೆ ದಾರವಿರಲಿಲ್ಲ. ಸುತ್ತಿದ್ದ ಕಡೆಯೆಲ್ಲ ಚರ್ಮದ ಒಳಗೆ ತೆಳುವಾದ ಕೆಂಪು ಗೆರೆಗಳಿದ್ದವು.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಹೆಂಡತಿ ಬೆಚ್ಚಿ ಎದ್ದಳು. "ಗುಂಡೀ! ಅಯ್ಯೋ ಚಿನ್ನಾ, ಮೈಯೆಲ್ಲ ತಣ್ಣಗಾಗಿದ್ಯಲ್ಲೇ!" ಎಂದು ಮಗಳನ್ನು ಬಾಚಿ ತಬ್ಬಿಕೊಂಡಳು. ಅವನಿಗೆ ಮಗಳ ಪೂರ್ತಿ ಹೆಸರು ಥಟ್ಟನೆ ನೆನಪಾಯಿತು. ಸಂತೋಷಕ್ಕೆ ಅಳು ಬಂತು. ಎರಡು ಹೆಜ್ಜೆ ಮುಂದಿಟ್ಟ.

ಹೆಂಡತಿ ಮಗಳನ್ನು ಬೆನ್ನ ಹಿಂದಕ್ಕೆ ಸರಿಸಿದಳು. "ಯಾರು ನೀವು? ಒಳಗೆ ಹೇಗೆ ಬಂದ್ರಿ?"

ಮುದುಕಿ ಅವನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದಳು. "ಮನೆ ರಿಪೇರಿಗೆ ಬಂದೋರಮ್ಮ," ಎಂದು ಹೆಂಡತಿಗೆ ಹೇಳಿದಳು. ಅವಳು ನಂಬಿದಳು.

ಉಳಿದ ರಜೆಯನ್ನು ತಾಯಿ ಮಗಳು ಚೆನ್ನಾಗಿಯೇ ಕಳೆದರು. ಅವನು ದೂರದಿಂದ ಹಿಂಬಾಲಿಸಿದ. ಹೆಂಡತಿ ಬೀದಿಯಲ್ಲಿ ಜೋರಾಗಿ ನಗುತ್ತಿದ್ದಳು. ಮಗಳ ಜಡೆ ಸೊಟ್ಟಗಿತ್ತು, ಅದನ್ನು ಯಾರೂ ಬಿಚ್ಚಲಿಲ್ಲ. ಮದುವೆಯ ಹೊಸತರಲ್ಲಿ ಅವಳು ಹೀಗೆಯೇ ನಗುತ್ತಿದ್ದಳಲ್ಲವೇ ಎಂದು ಅವನು ನೆನೆದ. ಮಾಟ ಅವಳಿಂದ ಏನನ್ನೂ ಕಿತ್ತುಕೊಂಡ ಹಾಗೆ ಕಾಣಲಿಲ್ಲ.

ಹೊರಡುವ ದಿನ ಬಸ್ಸು ನಿಲ್ದಾಣದಲ್ಲಿ ಗುಂಡಿ ಮತ್ತೆ ನಡುಗುತ್ತಿದ್ದಳು. ತಾಯಿ ಸಾಮಾನು ಏರಿಸುವುದರಲ್ಲಿದ್ದಳು. ಅವನು ಹತ್ತಿರ ಹೋಗಿ, ತನ್ನ ಕೊರಳಿನ ಮಫ್ಲರ್ ಬಿಚ್ಚಿ ಚಾಚಿದ.

ಗುಂಡಿ ಅವನ ಮುಖವನ್ನು ದಿಟ್ಟಿಸಿದಳು. ಹುಬ್ಬು ಗಂಟಿಕ್ಕಿದಳು. ಮೆಲ್ಲಗೆ ಕೈ ಮುಂದೆ ಮಾಡಿದಳು.

"ಗುಂಡೀ!" ಬಸ್ಸಿನ ಬಾಗಿಲಿಂದ ತಾಯಿ ಗದರಿದಳು. "ಗುರುತಿಲ್ಲದವರ ಹತ್ರ ಏನೂ ತಗೋಬಾರ್ದು ಅಂತ ಎಷ್ಟು ಸಲ ಹೇಳಿದೀನಿ?"

ಮಗು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಿತು. "ಬೇಡ ಅಂಕಲ್," ಎಂದು ಹೇಳಿ ಬಸ್ಸು ಹತ್ತಿತು.