ಒದ್ದೆಯಾಗದ ಸಹಿಗಳು

ತಲೆ ಕೆಳಗೆ, ಕಾಲು ಮೇಲೆ. ಮೂಗಿನ ತುಂಬ ನೀರು!

ಬೆಲ್ಟ್ ಬಿಚ್ಚುತ್ತಿಲ್ಲ.

ಬಕಲನ್ನು ತಿರುಗಿಸಿದೆ. ಮತ್ತೆ ತಿರುಗಿಸಿದೆ. ಅದು ಕಲ್ಲಿನಂತೆ ಕೂತಿತ್ತು. ಕಣ್ಣು ಬಿಟ್ಟರೆ ಬರೀ ಗುಳ್ಳೆಗಳು. ಮೇಲೆ ಯಾವುದು, ಕೆಳಗೆ ಯಾವುದು... ಒಂದೂ ತಿಳಿಯಲಿಲ್ಲ. ಎಡಗೈ ಚಾಚಿದೆ. ಕಿಟಕಿ ಇರಬೇಕಾದ ಜಾಗದಲ್ಲಿ ತಗಡು!

ಹದಿನೆಂಟು... ಹತ್ತೊಂಬತ್ತು...

ಸೆಕೆಂಡು ಎಣಿಸುವುದು ನನ್ನ ಹಳೆಯ ಚಟ. ಭೌತಶಾಸ್ತ್ರ ಓದಿದವನು ನಾನು. ಸಾಯುವಾಗಲಾದರೂ ಲೆಕ್ಕ ಸರಿಯಿರಲಿ ಅಂತ.

ಇಪ್ಪತ್ತಾರಕ್ಕೆ ಯಾವುದೋ ಕೈ ನನ್ನ ಎದೆಯ ಮೇಲೆ ಬಂತು. ಚಾಕು ಮಿಂಚಿತು. ಬೆಲ್ಟ್ ಹರಿಯಿತು. ಕುತ್ತಿಗೆಪಟ್ಟಿ ಹಿಡಿದು ನನ್ನನ್ನು ಬೆಕ್ಕಿನಮರಿಯಂತೆ ಹೊರಗೆಳೆದವರು ಪೂಲಿನ ಮಾಸ್ಟರ್. ವಯಸ್ಸು ಅರವತ್ತೆರಡು. ನೆಲದ ಮೇಲೆ ನಡೆಯುವುದು ನಿಧಾನ, ನೀರಿನಲ್ಲಿ ಮೀನು. ಎಲ್ಲರೂ ಅವರನ್ನು ಆಮೆ ಎನ್ನುತ್ತಾರೆ. ಎದುರಿಗಲ್ಲ!

ದಡದ ಮೇಲೆ ನಾನು ಕೆಮ್ಮುತ್ತಿದ್ದರೆ ಅವರು ಬೈಯುತ್ತಿದ್ದರು.

"ಕೈ ಯಾಕೋ ಬಿಟ್ಟೆ? ಮೊದಲು ಕಿಟಕಿ, ಆಮೇಲೆ ಬೆಲ್ಟ್ ಅಂತ ಎಷ್ಟು ಸಲ ಹೇಳ್ದೆ?"

"ಬೆಲ್ಟ್ ಬರ್ಲಿಲ್ಲ ಮಾಸ್ಟರ್..."

"ಬರ್ದೇ ಇದ್ರೂ ಕೈ ಕಿಟಕಿ ಮೇಲೇ ಇರ್ಬೇಕು! ತಲೆಕೆಳಗಾದಾಗ ಕಣ್ಣು ಸುಳ್ಳು ಹೇಳುತ್ತೆ, ಕಿವಿ ಸುಳ್ಳು ಹೇಳುತ್ತೆ. ಕೈ ಒಂದೇ ನಿಜ ಹೇಳೋದು."

ಬೈಗುಳ ಮುಗಿಸಿ ಅವರು ಬಕಲನ್ನು ಬೆಳಕಿಗೆ ಹಿಡಿದರು. ಅದರ ತಿರುಗಣೆಯ ಸಂದಿಯಲ್ಲಿ ಮುರಿದ ಬೆಂಕಿಕಡ್ಡಿ. ಅದು ಬೀಳದಂತೆ ಮೇಲೆ ಚೂಯಿಂಗ್ ಗಮ್.

ಪುದೀನ ವಾಸನೆ!

ನನಗೆ ಆ ವಾಸನೆಯ ಪರಿಚಯವಿತ್ತು. ಹತ್ತು ನಿಮಿಷದ ಹಿಂದೆ ಅದು ನನ್ನ ಮುಖಕ್ಕೆ ಬಡಿದಿತ್ತು. "ಬೆಲ್ಟ್ ನಾನೇ ಚೆಕ್ ಮಾಡ್ತೀನಿ ಬಿಡಿ ಸಾರ್" ಎಂದಿದ್ದ ಒಬ್ಬ ಮನುಷ್ಯ. ಹೆಲಿಕಾಪ್ಟರ್ ಕಂಪನಿಯ ಟ್ರೈನಿಂಗ್ ಮ್ಯಾನೇಜರ್. ದವಡೆಗೆ ರಜೆಯನ್ನೇ ಕೊಡದವನು. ಗಮ್ ಅಂತಲೇ ಕರೆಯೋಣ.

ಸುತ್ತ ನೋಡಿದೆ. ಗಮ್ ಇರಲಿಲ್ಲ.

ನಾನು ಯಾರು ಅಂತ ಹೇಳಲೇ ಇಲ್ಲ ಅಲ್ಲವೇ? ವಿಮೆ ಕಂಪನಿಗಳಿಗೆ ಪತ್ತೆ ಕೆಲಸ ಮಾಡುತ್ತೇನೆ. ಜನ ಸುಳ್ಳು ಹೇಳುತ್ತಾರೆ, ನಾನು ಹೊಟ್ಟೆ ಹೊರೆದುಕೊಳ್ಳುತ್ತೇನೆ.

ಈ ಸಲದ ಕೇಸು ಇದು. ಸಮುದ್ರದ ಮೇಲೆ ಹಾರುವ ಪ್ರತಿ ಹೆಲಿಕಾಪ್ಟರ್ ಪೈಲಟ್‌ಗೂ ನೀರಿನಿಂದ ಪಾರಾಗುವ ತರಬೇತಿ ಕಡ್ಡಾಯ. ಹೆಲಿಕಾಪ್ಟರಿನ ಭಾರವೆಲ್ಲ ತಲೆಯಲ್ಲಿರುತ್ತದೆ, ಎಂಜಿನ್ನು ಮೇಲೆ. ನೀರಿಗೆ ಬಿದ್ದರೆ ಮಗುಚಿಕೊಳ್ಳುತ್ತದೆ. ಅದಕ್ಕೇ ಒಂದು ಡಬ್ಬಿಯೊಳಗೆ ಪೈಲಟ್‌ನನ್ನು ಕಟ್ಟಿ ಪೂಲಿಗೆ ಇಳಿಸಿ ಮಗುಚುತ್ತಾರೆ. ನಾಲ್ಕು ವರ್ಷದಲ್ಲಿ ಅದರ ಫೀಸು ಮೂರು ಪಟ್ಟು! ಇದ್ದ ಮೂರು ಪೂಲುಗಳಲ್ಲಿ ಎರಡು ಮುಚ್ಚಿದವು. ಉಳಿದದ್ದು ಇದೊಂದೇ.

ಫೀಸು ಏರಿದಷ್ಟೂ ಕಂಪನಿಗಳು ಅತ್ತವು. ಅಳದೆ ಇದ್ದದ್ದು ಒಂದೇ ಒಂದು ಕಂಪನಿ, ಈ ಗಮ್‌ನದು. ಒಂಬತ್ತು ಪೈಲಟ್‌ಗಳು, ಒಂಬತ್ತು ಹೊಸ ಸರ್ಟಿಫಿಕೇಟು, ನಗುಮುಖ. ಅಳದವರನ್ನು ಕಂಡರೆ ನನಗೆ ಅನುಮಾನ. ಮೊದಲು ನಾನೇ ತರಬೇತಿ ತಗೊಂಡು ನೋಡೋಣ ಅಂತ ಬಂದಿದ್ದೆ. ಗಮ್ ತಾನಾಗೇ ಜತೆಗೆ ಬಂದಿದ್ದ. ನೋಡಿದೆ!

"ಸಹಿ ಹಾಕು" ಎಂದು ಮಾಸ್ಟರ್ ಒಂದು ಹಾಳೆ ಮುಂದಿಟ್ಟರು.

"ಮೈ ಒರೆಸಿಕೊಂಡು ಬರ್ತೀನಿ ಮಾಸ್ಟರ್..."

"ಇಲ್ಲಿ ಪದ್ಧತಿ ಹಾಗಿಲ್ಲ. ನೀರಿಂದ ಎದ್ದವನು ಎದ್ದ ಕೈಯಲ್ಲೇ ಸಹಿ ಹಾಕ್ಬೇಕು. ಟವೆಲ್ ಆಮೇಲೆ. ಎರಡು ಹಾಳೆ, ಒಂದು ಪೂಲಿಗೆ, ಒಂದು ಅವರವರ ಕಂಪನಿಗೆ."

ಸಹಿ ಹಾಕಿದೆ. ಮೊಣಕೈಯಿಂದ ನೀರು ತೊಟ್ಟಿಕ್ಕಿ ಶಾಯಿ ಹರಡಿತು. ಕಾಗದ ಉಬ್ಬಿತು. ಫೈಲಿನ ಹಳೆಯ ಹಾಳೆಗಳೆಲ್ಲ ಹಾಗೇ ಹಪ್ಪಳದಂತೆ ಸುಕ್ಕಾಗಿದ್ದವು.

ನನ್ನ ತಲೆಯಲ್ಲಿ ಏನೋ ಟಣ್ ಎಂದಿತು.

ಚೀಲದಿಂದ ಕಂಪನಿಯವರು ಕೊಟ್ಟಿದ್ದ ಕವರ್ ತೆಗೆದು ಅದರೊಳಗಿನ ಹಾಳೆ ಬಿಡಿಸಿದೆ. ಒಂಬತ್ತು ಸಹಿ. ಪೂಲಿನದೇ ಫಾರಂ, ಪೂಲಿನದೇ ಮೊಹರು. ಇಸ್ತ್ರಿ ಹಾಕಿದಂತೆ ನುಣುಪು. ಒಂದು ಹನಿಯ ಕಲೆಯೂ ಇಲ್ಲ!

"ಇವರನ್ನ ನೋಡಿದ್ದೀರಾ ಮಾಸ್ಟರ್?"

"ಒಬ್ಬನನ್ನೂ ನೋಡಿಲ್ಲ. ಆದ್ರೆ ನನ್ನ ಮಾತು ಯಾರು ಕೇಳ್ತಾರೆ? ಆ ತಿಂಗಳ ಫೈಲು ಹೋದ ವಾರ ಕಳುವಾಯ್ತು."

"ನಿಮ್ಮ ಮಾತು ಬೇಡ. ಈ ಕಾಗದವೇ ಮಾತಾಡುತ್ತೆ. ಬೀರುವಿನಲ್ಲಿ ಬೀಗ ಹಾಕಿಡಿ."

ಹಾಳೆ ಅವರಿಗೆ ಕೊಟ್ಟೆ. ಖಾಲಿಯಾದ ಕವರಿಗೆ ಪೂಲಿನ ಹೊಸ ದರಪಟ್ಟಿ ತುರುಕಿಕೊಂಡೆ. ವರದಿಗೆ ಬೇಕಾಗುತ್ತಲ್ಲ!

ಅಷ್ಟರಲ್ಲಿ ಫೋನು.

ಅಕ್ಕ!

ಇಲ್ಲೊಂದು ತೊಡಕಿದೆ. ಆ ಒಂಬತ್ತು ಸಹಿಗಳಲ್ಲಿ ನಾಲ್ಕನೆಯದು ನಮ್ಮ ಭಾವನದು.

"ಏನೋ, ಎಲ್ಲಿ ಸತ್ತಿದ್ದೀಯಾ?"

"ಸ್ವಲ್ಪದರಲ್ಲಿ ತಪ್ತು ಅಕ್ಕ."

"ತಮಾಷೆ ಸಾಕು. ಅವರ ಕಂಪನಿ ಹಿಂದೆ ಬಿದ್ದಿದ್ದೀಯಂತೆ? ಅವರ ಅನ್ನಕ್ಕೆ ಕಲ್ಲು ಹಾಕ್ತೀಯೇನೋ? ನಾಲ್ಕು ಗಂಟೆಗೆ ಹನ್ನೊಂದು ಜನಾನ ಕರ್ಕೊಂಡು ಎಣ್ಣೆಬಾವಿಗೆ ಹೋಗ್ತಿದ್ದಾರೆ. ಹೊಸ ಕಾಂಟ್ರಾಕ್ಟು. ಇದು ಆದ್ರೆ ಪ್ರಮೋಷನ್ನು."

"ಅಕ್ಕ, ಭಾವ ನೀರಿಗೆ ಇಳಿದಿದ್ದಾರಾ?"

"ಸ್ನಾನಕ್ಕೇ ಬಕೆಟ್ ತುಂಬ್ಸಿ ಕೊಡ್ಬೇಕು ಅವರಿಗೆ!"

ಭಾವನಿಗೆ ಫೋನು ಹಚ್ಚಿದೆ.

"ನಿಜ ಹೇಳಿ ಭಾವ. ಟ್ರೈನಿಂಗ್ ಎಲ್ಲಾಯ್ತು?"

ಅತ್ತಲಿಂದ ಪಿಸುಮಾತು.

"ಮೀಟಿಂಗ್ ರೂಮಲ್ಲಿ..."

"ಏನು?"

"ತಿರುಗೋ ಕುರ್ಚಿ ಇದೆಯಲ್ಲಪ್ಪ... ಅದರಲ್ಲಿ ಕೂರಿಸಿ, ಕಣ್ಣು ಕಟ್ಟಿ, ಗಿರ್ರನೆ ತಿರುಗಿಸಿದ್ರು. ತಲೆ ಮೇಲೆ ಒಂದು ಜಗ್ ನೀರು ಹುಯ್ದ್ರು. ಸಹಿ ಹಾಕಿಸ್ಕೊಂಡ್ರು. ಅದೂ ಒರೆಸ್ಕೊಂಡ ಮೇಲೆ... ಇದೊಂದು ಟ್ರಿಪ್ ಮುಗೀಲಿ ಕಣಯ್ಯಾ, ಆಮೇಲೆ ಕೂತು ಮಾತಾಡೋಣ."

ಫೋನು ಸತ್ತಿತು. ಮತ್ತೆ ಹಚ್ಚಿದೆ. ಸ್ವಿಚ್ ಆಫ್!

ಗಡಿಯಾರ ನೋಡಿದೆ. ಮೂರು ಗಂಟೆ ಎಂಟು ನಿಮಿಷ. ಪೂಲಿನ ರಬ್ಬರ್ ಚಪ್ಪಲಿಯಲ್ಲೇ ಹೊರಗೆ ಓಡಿದೆ.

ನನ್ನ ಕಾರಿನ ನಾಲ್ಕೂ ಚಕ್ರ ಗಾಳಿಯಿಲ್ಲದೆ ನೆಲಕ್ಕೆ ಅಂಟಿದ್ದವು. ಪಕ್ಕದಲ್ಲೇ ಒಂದು ಬಿಳಿ ಕಾರು. ಅದರ ಕಿಟಕಿ ಇಳಿಯಿತು. ಪುದೀನ ವಾಸನೆ.

"ಈಜು ಚೆನ್ನಾಗಿತ್ತಾ ಸಾರ್?"

ಗಮ್‌ನ ತೊಡೆಯ ಮೇಲೆ ಪಿಸ್ತೂಲು ಮಲಗಿತ್ತು. ಮೂತಿ ನನ್ನ ಕಡೆಗೆ.

"ಹತ್ತಿ. ನಾಲ್ಕೂಕಾಲು ತನಕ ಒಂದು ರೌಂಡ್ ಹೋಗಿ ಬರೋಣ."

ಹತ್ತಿದೆ. ಗುಂಡಿನ ಜತೆ ವಾದ ಮಾಡುವ ವಿದ್ಯೆ ನಾನು ಕಲಿತಿಲ್ಲ.

ಕಾರು ಬಂದರಿನ ರಸ್ತೆಗೆ ಇಳಿಯಿತು. ಎಡಕ್ಕೆ ಗೋದಾಮುಗಳ ಸಾಲು, ಬಲಕ್ಕೆ ನೀರು. ಅವನ ಒಂದು ಕೈ ಸ್ಟಿಯರಿಂಗ್ ಮೇಲೆ, ಇನ್ನೊಂದು ಪಿಸ್ತೂಲಿನ ಮೇಲೆ.

"ಆ ಕವರ್ ಕೊಡಿ."

ಕೊಟ್ಟೆ. ತೆರೆದೂ ನೋಡದೆ ಜೇಬಿಗೆ ಇಳಿಸಿದ.

"ಜಾಣರು. ಹಾಳೆ ಹೋಯ್ತು ಅಂದ್ರೆ ಕೇಸೂ ಹೋಯ್ತು. ನಿಮ್ಮ ಭಾವ ಪೈಲಟ್ ಆಗೇ ಇರ್ತಾರೆ."

"ಹೆಣ ಆಗದಿದ್ರೆ."

"ಹೆಲಿಕಾಪ್ಟರ್ ದಿನಾ ಬೀಳುತ್ತಾ ಸಾರ್? ಎಲ್ಲೋ ಲಕ್ಷಕ್ಕೊಂದು! ಅದಕ್ಕೆ ಒಂಬತ್ತು ಜನಕ್ಕೆ ಆ ರೇಟ್ ಕೊಡೋಕಾಗುತ್ತಾ? ನನ್ನ ಕುರ್ಚಿಗೇನು ಕಮ್ಮಿ? ಚೆನ್ನಾಗೇ ತಿರುಗುತ್ತೆ!"

"ನೀವು ಪೂಲಿಗೆ ಇಳಿದಿದ್ದೀರಾ?"

"ನಾನು ಮ್ಯಾನೇಜರ್ ಸಾರ್!"

ಆಗ ಹಿಂದಿನಿಂದ ಒಂದು ಸದ್ದು. ಡಬಡಬಡಬ...

ಪಕ್ಕದ ಕನ್ನಡಿಯಲ್ಲಿ ನೋಡಿದೆ. ನಗು ತಡೆಯಲಾಗಲಿಲ್ಲ. ಹಳೆಯ ಸ್ಕೂಟರಿನ ಮೇಲೆ ಆಮೆ! ಮೈಮೇಲೆ ಈಜುಚಡ್ಡಿ ಮಾತ್ರ. ಹ್ಯಾಂಡಲಿಗೆ ನೇತುಹಾಕಿದ್ದ ನನ್ನ ಎರಡು ಬೂಟು ಗಾಳಿಗೆ ಕುಣಿಯುತ್ತಿದ್ದವು. ಬೂಟು ಮರೆತೆನೆಂದು ಕೊಡಲು ಹೊರಗೆ ಬಂದವರು, ನಾನು ಯಾರ ಕಾರು ಹತ್ತಿದೆ ಅಂತ ಕಂಡಿರಬೇಕು.

"ಯಾರ್ರೀ ಅದು?" ಗಮ್ ಆಕ್ಸಿಲರೇಟರ್ ತುಳಿದ.

ಎಂಬತ್ತು. ತೊಂಬತ್ತು. ನೂರು!

ಸ್ಕೂಟರಿನ ಹಾರ್ನು ಹಿಂದೆ ಎಲ್ಲೋ ಕಿರುಚುತ್ತಿತ್ತು.

"ಸ್ವಲ್ಪ ಗಾಳಿ ಬೇಕು. ವಾಂತಿ ಬರೋ ಹಾಗಿದೆ" ಎಂದೆ.

"ಸೀಟ್ ಕವರ್ ಹೊಸದು! ಕಿಟಕಿ ಇಳಿಸಿ, ಇಳಿಸಿ!"

ಗಾಜು ಪೂರ್ತಿ ಇಳಿಸಿದೆ. ಎಡಗೈಯನ್ನು ಕಿಟಕಿಯ ಚೌಕಟ್ಟಿನ ಮೇಲಿಟ್ಟೆ. ಅಲ್ಲೇ ಇಟ್ಟೆ.

ಗಮ್ ಮತ್ತೆ ಕನ್ನಡಿ ನೋಡಿದ. ರಸ್ತೆ ತಿರುಗಿತು.

ಅವನು ತಿರುಗಲಿಲ್ಲ!

ದೋಣಿ ಇಳಿಸುವ ಇಳಿಜಾರು ಎದುರಾಯಿತು. ಕಾರು ಅದರ ಅಂಚಿಗೆ ಬಡಿದು, ಒಂದು ಪಕ್ಕಕ್ಕೆ ಎದ್ದು, ಅಂಗಾತ ನೀರಿಗೆ ಬಿತ್ತು.

ಧಡಾರ್!

ತಲೆ ಕೆಳಗೆ, ಕಾಲು ಮೇಲೆ. ಒಂದೇ ದಿನದಲ್ಲಿ ಎರಡನೆಯ ಸಲ!

ಒಂದು... ಎರಡು... ನೀರು ನುಗ್ಗಿತು. ಕಣ್ಣು ಸುಳ್ಳು ಹೇಳಿತು. ಕಿವಿ ಸುಳ್ಳು ಹೇಳಿತು. ಎಡಗೈ ಮಾತ್ರ ಕಬ್ಬಿಣ ಹಿಡಿದು ಕೂತಿತ್ತು. ಐದು... ಆರು... ಅಲುಗಾಟ ನಿಲ್ಲಲಿ. ಏಳು... ಈಗ ಬೆಲ್ಟ್. ಚಕ್ಕನೆ ಬಿಚ್ಚಿಕೊಂಡಿತು. ಕೈ ಎಲ್ಲಿತ್ತೋ ಆ ಕಡೆಗೆ ಮೈಯನ್ನು ಎಳೆದೆ. ಹೊರಗೆ!

ಹತ್ತು ಸೆಕೆಂಡು. ಫಸ್ಟ್ ಕ್ಲಾಸ್!

ಮೇಲೆ ಬಂದು ಉಸಿರೆಳೆದು ಸುತ್ತ ನೋಡಿದೆ. ಗಮ್ ಕಾಣಲಿಲ್ಲ. ಬೈದುಕೊಂಡು ಮತ್ತೆ ಮುಳುಗಿದೆ.

ಅವನು ಮೊದಲು ಬೆಲ್ಟ್ ಬಿಚ್ಚಿದ್ದ. ತನ್ನ ಕುರ್ಚಿಯಲ್ಲಿ ಕಲಿಸಿದ ಪಾಠವೇ ಅದು! ಬಿಚ್ಚಿದ ಕೂಡಲೇ ತೇಲಿ, ದಿಕ್ಕು ತಪ್ಪಿ, ಹಿಂದಿನ ಸೀಟಿಗೆ ಸೇರಿಕೊಂಡಿದ್ದ. ಅಲ್ಲಿ ಹೊಸ ಸೀಟ್ ಕವರನ್ನು ಬಾಗಿಲೆಂದು ತಿಳಿದು ಪರಚುತ್ತಿದ್ದ. ಒಂದು ಕೈಯಲ್ಲಿ ಕಿಟಕಿ ಹಿಡಿದು ಇನ್ನೊಂದರಲ್ಲಿ ಅವನ ಕಾಲರ್ ಹಿಡಿದೆ. ಎಳೆದೆ.

ದಡದಲ್ಲಿ ಸ್ಕೂಟರ್ ನಿಲ್ಲಿಸಿ ಆಮೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಈ ಸಲ ಕೈ ಬಿಟ್ಯೋ?"

"ಇಲ್ಲ ಮಾಸ್ಟರ್!"

"ಪಾಸು."

ಗಮ್ ಕಕ್ಕಿದ. ಕೆಮ್ಮಿದ. ಜೇಬು ಮುಟ್ಟಿ ನೋಡಿಕೊಂಡು ನಕ್ಕ.

"ಹಾಳೆ ಈಗ ಒದ್ದೆ ಸಾರ್! ಶಾಯಿ ಹರಡಿದೆ. ಇನ್ನು ಏನು ಸಾಬೀತು ಮಾಡ್ತೀರಾ?"

"ಅದು ಪೂಲಿನ ದರಪಟ್ಟಿ ಕಣ್ರೀ. ಬಿಡುವಿದ್ದಾಗ ಓದಿ. ಹೆಚ್ಚೇನಿಲ್ಲ ಅಂತ ನಿಮಗೀಗ ಅನ್ನಿಸಬಹುದು."

ಅವನ ದವಡೆ ಮೊದಲ ಸಲ ನಿಂತಿತು. ಬಂದರಿನ ಕಾವಲುಗಾರರು ಓಡಿ ಬಂದರು. ಅವನನ್ನು ಅವರ ಕೈಗೆ ಕೊಟ್ಟು ನಾನು ಸ್ಕೂಟರಿನ ಹಿಂದೆ ಕೂತೆ. ಮೂರು ಮೂವತ್ತೇಳು. ಫೋನು ನೀರಿನ ತಳದಲ್ಲಿ!

"ಇನ್ನೂ ಜೋರಾಗಿ ಮಾಸ್ಟರ್!"

"ಇದು ಸ್ಕೂಟರ್ ಕಣೋ, ಸಬ್‌ಮರೀನ್ ಅಲ್ಲ!"

ಏರ್‌ಫೀಲ್ಡಿನ ಗೇಟಿನಲ್ಲಿ ಸೆಕ್ಯುರಿಟಿಯವನು ಬರೀ ಮೈಯ ಮುದುಕನನ್ನೂ ನೀರು ಸುರಿಯುವ ನನ್ನನ್ನೂ ನೋಡಿ ಬಾಯಿ ತೆರೆದ. ಅವನು ಮುಚ್ಚುವಷ್ಟರಲ್ಲಿ ನಾವು ಒಳಗಿದ್ದೆವು.

ಹೆಲಿಕಾಪ್ಟರಿನ ರೆಕ್ಕೆ ತಿರುಗುತ್ತಿತ್ತು. ಹನ್ನೊಂದು ಕೆಲಸಗಾರರು ಹತ್ತಿ ಕೂತಾಗಿತ್ತು. ಓಡಿದೆ. ಮೂತಿಯ ಎದುರಿಗೆ, ಭಾವನಿಗೆ ಕಾಣುವಂತೆ, ಇಪ್ಪತ್ತು ಹೆಜ್ಜೆ ದೂರದಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ.

ಗಾಜಿನ ಹಿಂದೆ ಭಾವನ ಬಾಯಿ ಆಡುತ್ತಿತ್ತು. ಕೇಳಿಸದಿದ್ದದ್ದು ಒಳ್ಳೆಯದೇ ಆಯಿತು.

ಎಂಜಿನ್ ಆರಿತು. ರೆಕ್ಕೆ ನಿಧಾನವಾಗಿ ನಿಂತಿತು. ಭಾವ ಕಿಟಕಿ ಸರಿಸಿದರು.

"ತಲೆ ಕೆಟ್ಟಿದೆಯೇನಯ್ಯಾ? ನನ್ನ ಕೆಲಸ ತೆಗೀಬೇಕು ಅಂತಾನೇ ಬಂದ್ಯಾ?"

ಹತ್ತಿರ ಹೋದೆ.

"ಒಂದೇ ಪ್ರಶ್ನೆ ಭಾವ. ಸರಿಯಾಗಿ ಉತ್ತರ ಹೇಳಿದ್ರೆ ನಾನೇ ಟಾಟಾ ಮಾಡ್ತೀನಿ. ನೀರಿಗೆ ಬಿದ್ದು ಮಗುಚಿಕೊಂಡ್ರೆ ಮೊದಲು ಏನು ಮಾಡ್ತೀರಿ?"

"ಇದೊಂದು ಪ್ರಶ್ನೆನಾ? ಬೆಲ್ಟ್ ಬಿಚ್ತೀನಿ!"

ಹಿಂದಿನ ಸೀಟುಗಳಲ್ಲಿ ತಲೆಗಳು ಎದ್ದವು.

ಕೊನೆಯ ಸಾಲಿನಿಂದ ಒಬ್ಬ ನರೆಗೂದಲಿನ ವೆಲ್ಡರ್ ಮುಂದೆ ಬಾಗಿದ. ಎಂದೋ ಒಮ್ಮೆ ನಿಜವಾಗಿ ಪೂಲಿನಲ್ಲಿ ಮುಳುಗಿ ಎದ್ದವನಿರಬೇಕು. ಅವನ ಎಡಗೈ ಆಗಲೇ ಕಿಟಕಿಯ ಮೇಲಿತ್ತು.

"ಮೊದಲು ಕಿಟಕಿ ಸಾರ್" ಎಂದ, ಮೆಲ್ಲಗೆ, ದೊಡ್ಡವರ ತಪ್ಪು ತಿದ್ದುವ ಸಂಕೋಚದಲ್ಲಿ.

ಆಮೇಲೆ ಬೆಲ್ಟ್ ಬಿಚ್ಚಿ ಇಳಿದುಬಿಟ್ಟ. ಅವನ ಹಿಂದೆ ಇನ್ನೊಬ್ಬ. ಮತ್ತೊಬ್ಬ. ಹನ್ನೊಂದು ಜನವೂ ತಂತಮ್ಮ ಚೀಲ ಹೆಗಲಿಗೇರಿಸಿ ಸದ್ದಿಲ್ಲದೆ ನಡೆದು ಹೋದರು.

ಭಾವ ಅವರ ಬೆನ್ನುಗಳನ್ನೇ ನೋಡುತ್ತ ಕೂತರು. ಆಮೇಲೆ ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಅವರೆಲ್ಲ ನನ್ನ ನಂಬಿ ಕೂತಿದ್ರು ಕಣೋ" ಎಂದರು.

ನಾನು ಬಾಗಿಲು ತೆರೆದು ಕೈ ಚಾಚಿದೆ.

ಕಂಪನಿಯ ಕಾಂಟ್ರಾಕ್ಟು ಹೋಯಿತು. ಗಮ್ ಒಳಗೆ ಹೋದ. ಒಂಬತ್ತು ಜನರ ಲೈಸೆನ್ಸೂ ಮೂರು ತಿಂಗಳು ಅಮಾನತಾಯಿತು. ಭಾವನದೂ! ಸುಳ್ಳು ಸಹಿ ಹಾಕಿದವರು ಪೂಲಿನ ಫೀಸನ್ನು ತಾವೇ ಕಟ್ಟಬೇಕೆಂದು ಆದೇಶ ಬಂತು. ತಿರುಗುವ ಕುರ್ಚಿ ಈಗ ಕೋರ್ಟಿನಲ್ಲಿದೆ, ಸಾಕ್ಷಿಯಾಗಿ.

ಆದೇಶ ಬಂದ ಸಂಜೆ ಅಕ್ಕ ತಟ್ಟೆ ಕುಕ್ಕಿ ಬಡಿಸಿದಳು. ಭಾವ ತಲೆ ಎತ್ತಲಿಲ್ಲ. ನಾನು ದರಪಟ್ಟಿಯ ಇನ್ನೊಂದು ಪ್ರತಿ ತೆಗೆದು ಅವಳ ಮುಂದಿಟ್ಟೆ.

"ಇಷ್ಟೊಂದಾ!" ಅಕ್ಕ ಚೀರಿದಳು. "ನಾಲ್ಕು ಸಲ ನೀರಲ್ಲಿ ಮುಳುಗಿಸೋಕೆ?"

"ನಾಲ್ಕು ಸಲ ಮೇಲೆ ಬರೋದು ಕಲಿಸೋಕೆ. ನೋಡಕ್ಕ, ಆ ದುಡ್ಡು ಹೆಚ್ಚಾ? ನಿನ್ನ ಗಂಡ ಹೆಚ್ಚಾ?"

ಅಕ್ಕ ದರಪಟ್ಟಿ ನೋಡಿದಳು. ಭಾವನನ್ನು ನೋಡಿದಳು. ಮತ್ತೆ ದರಪಟ್ಟಿ ನೋಡಿದಳು.

ಅಭ್ಯಾಸಬಲ, ನಾನು ಸೆಕೆಂಡು ಎಣಿಸುತ್ತಿದ್ದೆ. ಸತ್ಯವಾಗಿ ಹೇಳುತ್ತೇನೆ... ಅಷ್ಟು ಹೊತ್ತು ನೀರಿನೊಳಗೆ ಆಮೆಯೂ ಉಸಿರು ಹಿಡಿಯಲಾರರು!