ಅಂಗೈಗೆ ತಿಳಿಯದ ನೀರು

"ಈ ಮನೆಗೆ ಆ ಯಂತ್ರ ಬಂದ ದಿನ ನಾನು ಹೊರಗೆ ಹೋಗ್ತೀನಿ! ಯಾರು ಬೇಕೋ ನೀವೇ ತೀರ್ಮಾನ ಮಾಡ್ಕೊಳ್ಳಿ!"

ಮಾವ ತಿಂಡಿಯ ತಟ್ಟೆಯನ್ನು ತಳ್ಳಿದ ರಭಸಕ್ಕೆ ಲೋಟ ಉರುಳಿ, ಸೊಸೆ ಮೇಜಿನ ಮೇಲಿಟ್ಟಿದ್ದ ಬಣ್ಣದ ಕಾಗದ ನೀರಲ್ಲಿ ನೆನೆಯಿತು. ಚಳಿಗಾಲದಲ್ಲಿ ಈಜುಕೊಳದ ನೀರನ್ನು ಬೆಚ್ಚಗೆ ಮಾಡಿ, ಬೇಸಿಗೆಯಲ್ಲಿ ಅದನ್ನೇ ತಂಪು ಮಾಡುವ ಯಂತ್ರದ ಚಿತ್ರವಿತ್ತು ಅದರಲ್ಲಿ. ಕೆಳಗೆ ಬೆಲೆಯೂ ಇತ್ತು, ನೋಡಿದವರ ಎದೆ ಝಲ್ಲೆನ್ನುವಂಥ ಬೆಲೆ. ಬಸ್ಸು ಓಡಿಸುವ ಮಗ ಅಪ್ಪನ ಮುಖವನ್ನೊಮ್ಮೆ, ಹೆಂಡತಿಯ ಮುಖವನ್ನೊಮ್ಮೆ ನೋಡಿ, ಯಾವ ಕಡೆಯ ಟಿಕೆಟನ್ನೂ ಹರಿಯಲಾರದೆ ಕೆಲಸಕ್ಕೆ ಹೊರಟುಬಿಟ್ಟ. ಇಂಥ ಹೊತ್ತಿನಲ್ಲಿ ಗಂಡಸರಿಗೆ ಬಸ್ಸಿನ ಸಮಯ ಚೆನ್ನಾಗಿ ನೆನಪಾಗುತ್ತದೆ.

ಪಾಪ, ಮಾವನ ಸಿಟ್ಟಿಗೂ ಕಾರಣವಿತ್ತು. ನದಿಯಲ್ಲಿ ಈಜಿ ಬೆಳೆದ ಹುಡುಗಿಯನ್ನು ಮದುವೆಯಾಗಿ ನಲ್ಲಿ ನೀರಿನ ಊರಿಗೆ ತಂದವರು ಅವರು. "ನಿನಗೊಂದು ಕೊಳ ಕಟ್ಟಿಕೊಡ್ತೀನಿ ಕಣೇ" ಎಂದು ಅಂದೇ ಮಾತು ಕೊಟ್ಟಿದ್ದರು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಬಾಯ್ಲರಿನ ಮುಂದೆ ಮೂವತ್ತಾರು ವರ್ಷ ಬೆಂದು, ನಿವೃತ್ತಿಯಾದ ಮೇಲೆ ಹಿತ್ತಲನ್ನು ತಾವೇ ಅಗೆದು, ನೀಲಿ ಹೆಂಚುಗಳನ್ನು ಒಂದೊಂದಾಗಿ ಅಂಟಿಸಿ ಆ ಮಾತು ಉಳಿಸಿಕೊಂಡಿದ್ದರು. ಆ ಕೊಳದ ನೀರಿನಲ್ಲಿ ಕೊರತೆ ಇದೆಯೆಂದು ನಿನ್ನೆ ಮೊನ್ನೆ ಬಂದ ಸೊಸೆ ಹೇಳುವುದೆಂದರೇನು!

ಆದರೆ ಅತ್ತೆಯ ಮಂಡಿ? ಅದಕ್ಕೆ ಶಸ್ತ್ರಚಿಕಿತ್ಸೆಯಾಗಿ ನಲವತ್ತು ದಿನ. ದಿನಕ್ಕೆ ಮುಕ್ಕಾಲು ಗಂಟೆ ನೀರಿನಲ್ಲಿ ನಡೆದು ಮಂಡಿಯನ್ನು ಮಡಚಲೇಬೇಕು, ಇಲ್ಲವಾದರೆ ಅದು ಮರಗಟ್ಟಿ ಹಾಗೇ ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಅತ್ತೆ ಹೊಲಿಗೆಯವರು. ಬೀದಿಯ ಅರ್ಧ ಜನರ ಅಂಗಿಗಳಿಗೆ ತೋಳು ಕೂರಿಸಿದ ಹೊಲಿಗೆ ಯಂತ್ರ ಈಗ ಮುಸುಕು ಹೊದ್ದು ಮೂಲೆ ಸೇರಿತ್ತು. ಮಂಡಿ ಮಡಚದೆ ಪೆಡಲು ತುಳಿಯುವುದು ಹೇಗೆ? ಹಾಗಿದ್ದೂ ಅತ್ತೆ ನೀರಿನಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. "ಸೋಮಾರಿ!" ಎಂದು ಮಾವ ರೇಗುತ್ತಿದ್ದರು.

ದಿನಾ ಬೆಳಿಗ್ಗೆ ಮಾವ ಕೊಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಅಂಗೈ ಅದ್ದಿ, "ಹದವಾಗಿದೆ! ಇಳಿಯೇ!" ಎಂದು ಸಾರುತ್ತಿದ್ದರು. ಬಾಯ್ಲರಿನವರ ಕೈ ಎಂದ ಮೇಲೆ ಎದುರು ಮಾತುಂಟೇ? ಸೊಸೆ ಮಾತ್ರ ಔಷಧಿ ಗೋದಾಮಿನ ತಣ್ಣನೆ ಕೋಣೆಯಲ್ಲಿ ಕೆಲಸ ಮಾಡುವವಳು. ಥರ್ಮಾಮೀಟರ್ ನೋಡುವುದೇ ಅವಳ ಕಸುಬು. ಆ ಜಗಳದ ದಿನವೇ ಒಂದನ್ನು ದಾರಕ್ಕೆ ಕಟ್ಟಿ ಕೊಳಕ್ಕೆ ಇಳಿಬಿಟ್ಟಳು. ಹದಿನೇಳು ಡಿಗ್ರಿ! ಮೈ ಕೊರೆಯುವ ನೀರು. ಕಳೆದ ಬೇಸಿಗೆಯಲ್ಲಿ ಇದೇ ನೀರು ಕೆಂಡದಂಥ ಬಿಸಿಲಿಗೆ ಕಾದು ಕೂತಾಗಲೂ ಮಾವ 'ಹದವಾಗಿದೆ' ಎಂದೇ ಅಂದದ್ದು ಅವಳಿಗೆ ನೆನಪಾಯಿತು. ಅಂದು ಸಂಜೆ ಅಡುಗೆಮನೆಯಲ್ಲಿ ಉಕ್ಕುವ ಹಾಲಿನ ಪಾತ್ರೆಯನ್ನು ಮಾವ ಬಟ್ಟೆಯಿಲ್ಲದೆ ಬರಿಗೈಯಲ್ಲಿ ಎತ್ತಿ ಕೆಳಗಿಟ್ಟರು. ಅವರ ಮುಖ ಒಂದಿಷ್ಟೂ ಕಿವುಚಲಿಲ್ಲ.

"ಅತ್ತೆ... ಮಾವನ ಕೈಗೆ..." ಎಂದು ಮಂಡಿಗೆ ಎಣ್ಣೆ ಹಚ್ಚುತ್ತ ಬಾಯಿ ತೆರೆದವಳ ಬಾಯನ್ನು ಅತ್ತೆ ಕೈಯಿಂದಲೇ ಮುಚ್ಚಿದರು.

"ಗೊತ್ತು ಕಣಮ್ಮಾ. ನಿನ್ನ ಗಂಡ ತೊಟ್ಟಿಲಲ್ಲಿ ಇದ್ದಾಗಿನಿಂದ ಗೊತ್ತು. ಮಗು ಸ್ನಾನಕ್ಕೆ ಅವರು ನೀರು ಹದ ಮಾಡಿಟ್ಟು ಅತ್ಲಾಗ್ ಹೋದ್ಮೇಲೆ ನಾನು ಎರಡು ಚೊಂಬು ತಣ್ಣೀರು ಬೆರೆಸ್ತಿದ್ದೆ. ಆ ಕೈ ಬೆಂದಿದ್ದು ನಮ್ಮ ಹೊಟ್ಟೆ ತುಂಬ್ಸೋಕೆ... ಅವರಿಗೆ ಮಾತ್ರ ಹೇಳ್ಬೇಡ. ನನ್ನಾಣೆ!"

"ಹಾಗಂತ ನೀವು ಆ ಚಳೀಲಿ... ದಿನಾ..."

"ಕಟ್ಟಿದ್ದಾರಲ್ಲ ನನಗೋಸ್ಕರ! ಹಲ್ಲು ಕಚ್ಚಿಕೊಂಡ್ರೆ ಹತ್ತು ನಿಮಿಷ ಆಗುತ್ತೆ ಬಿಡು."

ಸೊಸೆ ಎದ್ದು ಹೋಗಿ ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತಳು. ಹೇಳಿದರೆ ಆಣೆ ಮುರಿಯುತ್ತದೆ, ಹೇಳದಿದ್ದರೆ ಮಂಡಿ ಹೋಗುತ್ತದೆ!

ಮರುದಿನ ಬೆಳಿಗ್ಗೆ ಅತ್ತೆ ಎದೆಮಟ್ಟದ ನೀರಿನಲ್ಲಿ ಎರಡು ಸುತ್ತು ನಡೆಯುವಷ್ಟರಲ್ಲಿ ತುಟಿ ನೀಲಿಗಟ್ಟಿ, ಮೀನಖಂಡ ಹಿಡಿದುಕೊಂಡು ಕಂಬಿಗೆ ಜೋತುಬಿದ್ದರು. "ಮತ್ತೆ ನಾಟಕ ಶುರುವಾಯ್ತಾ?" ಎಂದು ಮಾವ ಗುಡುಗಿದರು. ಸೊಸೆ ಆಣೆ ಮುರಿಯಲಿಲ್ಲ. ಇಷ್ಟೇ ಅಂದಳು: "ಮಾವಾ, ಅವರಿಗೆ ಆಸರೆ ಬೇಕು. ನೀವೇ ಇಳಿದು ಹಿಡ್ಕೊಳ್ಳಿ."

ಕೊಳ ಕಟ್ಟಿದ ಮನುಷ್ಯ ಅದಕ್ಕೆ ಒಂದು ದಿನವೂ ಇಳಿದಿರಲಿಲ್ಲ. ಗೊಣಗುತ್ತ ಚಪ್ಪಲಿ ಬಿಟ್ಟು, ಪ್ಯಾಂಟು ಮೇಲೆತ್ತಿ, ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ಮೂವತ್ತಾರು ವರ್ಷ ದಪ್ಪ ಬೂಟಿನೊಳಗೆ ಸುರಕ್ಷಿತವಾಗಿದ್ದ, ಮಗುವಿನದರಂಥ ಮೆತ್ತನೆ ಪಾದ ಅದು.

"ಅಯ್ಯಪ್ಪಾ!"

ಉಸಿರು ಸಿಕ್ಕಿಕೊಂಡಿತು. ಬಗ್ಗಿ ಅಂಗೈ ಅದ್ದಿ ನೋಡಿದರು. ಏನೂ ಇಲ್ಲ. ಕಾಲಿಗೆ ಮಂಜುಗಡ್ಡೆ, ಕೈಗೆ ಏನೂ ಇಲ್ಲ! ಇನ್ನೊಂದು ಕೈ ಅದ್ದಿದರು. ಆಮೇಲೆ ಎರಡೂ ಅಂಗೈಗಳನ್ನು ಯಾರದೋ ಕೈ ನೋಡುವಂತೆ ನೋಡುತ್ತ ನಿಂತುಬಿಟ್ಟರು.

"ಇಷ್ಟು ದಿನ... ಈ ನೀರಿಗೆ ಇಳಿದ್ಯೇನೇ? ತುಟಿ ಪಿಟಕ್ಕೆನ್ನದೆ?"

"ಹದವಾಗಿದೆ ಅಂದ್ರಲ್ಲ ನೀವು..." ಅತ್ತೆ ನಡುಗುತ್ತಲೇ ನಕ್ಕರು.

ಮಾವ ಉಟ್ಟ ಬಟ್ಟೆಯಲ್ಲೇ ಎದೆಮಟ್ಟ ಇಳಿದು ಹೆಂಡತಿಯನ್ನು ತೋಳಿನಲ್ಲಿ ಎತ್ತಿಕೊಂಡು ಬಂದರು. ಮೂವತ್ತಾರು ವರ್ಷ ಬೆಂಕಿಯ ಮುಂದೆ ಕಣ್ಣೀರು ಹಾಕದ ಗಂಡಸು ಹಿತ್ತಲಿನಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತರು... ಟವೆಲು ಹೊದಿಸುತ್ತಿದ್ದ ಸೊಸೆಯ ತಲೆಯ ಮೇಲೆ ಕೈಯಿಟ್ಟು, "ಆ ಕಾಗದ ಎಲ್ಲಮ್ಮಾ?" ಎಂದರು.

ಒಣಗಿ ಸುಕ್ಕಾಗಿದ್ದ ಕಾಗದವನ್ನು ಕನ್ನಡಕ ಏರಿಸಿ ಓದಿದರು ನೋಡಿ, ಒಳಗಿನ ಬಾಯ್ಲರ್ ಕೆಲಸಗಾರ ಎದ್ದು ಕೂತ! "ಇಷ್ಟು ದೊಡ್ಡ ಯಂತ್ರ ಯಾಕೆ? ಮುಚ್ಚಳ ಇಲ್ಲದ ಪಾತ್ರೆ ಕಾಯಿಸ್ತಾರೇನಮ್ಮಾ? ಮೊದಲು ಕೊಳಕ್ಕೊಂದು ಹೊದಿಕೆ ಹಾಕೋಣ, ಕಾದಿದ್ದು ಹಾರಿಹೋಗಲ್ಲ. ಆಗ ಸಣ್ಣ ಯಂತ್ರವೇ ಸಾಕು, ಕರೆಂಟೂ ಉಳಿಯುತ್ತೆ. ಪೈಪು ನಾನೇ ಕೂರಿಸ್ತೀನಿ."

"ಅಷ್ಟಾದ್ರೂ ಕಡಿಮೆ ದುಡ್ಡಲ್ಲಪ್ಪಾ," ಎಂದ, ಅಳು ಕೇಳಿ ಹೊರಗೆ ಬಂದಿದ್ದ ಮಗ ಮೆಲ್ಲಗೆ.

"ನಾನು ಕೂಡಿಟ್ಟಿದ್ದ ಕಾರಿನ ದುಡ್ಡಿದೆ. ಕಾರು ಯಾಕೋ? ನಿನ್ನ ಬಸ್ಸಿಲ್ವಾ! ಅವಳ ಕಾಲಿಗಿಂತ ನನಗೆ ನಾಲ್ಕು ಚಕ್ರ ಹೆಚ್ಚೇನೋ!"

ಯಂತ್ರ ಬಂದ ದಿನ ಮನೆ ಬಿಟ್ಟು ಯಾರೂ ಹೋಗಲಿಲ್ಲ. ನೀರು ಬೆಚ್ಚಗಾಯಿತು. ಅತ್ತೆಯ ಹತ್ತು ನಿಮಿಷ ಇಪ್ಪತ್ತಾಯಿತು, ಮುಕ್ಕಾಲು ಗಂಟೆಯಾಯಿತು, ಆಮೇಲೆ ಸಾಕು ಮೇಲೆ ಬನ್ನಿ ಎಂದು ಕರೆಯುವುದೇ ಸೊಸೆಗೆ ಕೆಲಸವಾಯಿತು. ಬೇಸಿಗೆ ಬಂದು ಅದೇ ಯಂತ್ರ ನೀರನ್ನು ತಂಪು ಮಾಡತೊಡಗಿದ ಬೆಳಿಗ್ಗೆ ಅತ್ತೆ ಕಂಬಿ ಹಿಡಿಯದೆ ನಾಲ್ಕೂ ಮೆಟ್ಟಿಲು ಹತ್ತಿ ಬಂದರು! ಒದ್ದೆ ಕೂದಲು ಒಣಗುವ ಮುಂಚೆಯೇ ಹೊಲಿಗೆ ಯಂತ್ರದ ಮುಸುಕು ಕಿತ್ತು ಪೆಡಲಿನ ಮೇಲೆ ಪಾದವಿಟ್ಟರು. ಮಂಡಿ ಮಡಚಿತು. ಕಟಕಟ ಸದ್ದಿಗೆ ಮಗ, ಸೊಸೆ ಇಬ್ಬರೂ ಓಡಿ ಬಂದು ಬಾಗಿಲಲ್ಲೇ ಕಣ್ಣು ಒರೆಸಿಕೊಂಡರು.

ಅಂದು ಹೊಲಿದದ್ದು ಬೀದಿಯವರ ಅಂಗಿಯಲ್ಲ, ದಪ್ಪ ನೀಲಿ ಬಟ್ಟೆಯ ದೊಡ್ಡದೊಂದು ಈಜುಚಡ್ಡಿ. ಅದನ್ನು ಗಂಡನ ಮಡಿಲಿಗೆ ಎಸೆದು, "ಏಳ್ರೀ, ಇನ್ನು ದಿನಾ ನೀವೂ ಇಳೀಬೇಕು" ಎಂದರು.

ಮಾವ ನಾಚಿ ಕೆಂಪಾಗಿ ಹಿತ್ತಲಿಗೆ ಬಂದರು. ಅಭ್ಯಾಸಬಲದಿಂದ ಅಂಗೈ ಮುಂದೆ ಚಾಚಿದವರು ಅದನ್ನು ಹಿಂದಕ್ಕೆ ಎಳೆದುಕೊಂಡು ಪಾದ ಇಳಿಸಿದರು. ಹೆಂಡತಿಯ ಕಡೆ ತಿರುಗಿ, ಬೀದಿಗೆಲ್ಲ ಕೇಳುವಂತೆ ಕೂಗಿದರು:

"ಹದವಾಗಿದೆ ಕಣೇ!"

ಈ ಸಲ ಯಾರೂ ಒಂದು ಚೊಂಬು ನೀರನ್ನೂ ಬೆರೆಸಬೇಕಾಗಿರಲಿಲ್ಲ.