ಡಿಸ್ಕಿನ ಬಾಯಿಗೆ ಹಚ್ಚಿದ ಕುಂಕುಮ

ದಿನಾಂಕ 28 ಏಪ್ರಿಲ್ 2025, ಸೋಮವಾರ, ಬೆಳಿಗ್ಗೆ 11.20. ರೋಣದ ನರಗುಂದ ರಸ್ತೆಯಲ್ಲಿ ಹತ್ತಿ ಜಿನ್ನಿಂಗ್ ಮಿಲ್ ನಡೆಸುವ ಗುರುಸಂಗಪ್ಪ ಠಾಣೆಗೆ ಬಂದರು. ಕುಳಿತುಕೊಳ್ಳಿರಿ ಎಂದರೂ ಕೂರಲಿಲ್ಲ.

“ನನ್ನ ಕಂಪ್ಯೂಟರ್ ಕೆಡಿಸ್ಯಾರ್ರೀ. ಈಗಿಂದೀಗ ಎಫ್‌ಐಆರ್ ಆಗಬೇಕು.”

“ಯಾರು ಕೆಡಿಸ್ಯಾರ?”

“ಅದನ್ನ ಹುಡುಕಾಕನ ನೀವು ಇರೂದು.”

ಇನ್‌ಸ್ಪೆಕ್ಟರ್ ಶಶಿಕಾಂತರಿಗೆ ಆ ಮಿಲ್ಲಿನ ಹೆಸರು ಕೇಳಿದರೇ ಕಸಿವಿಸಿ. ಫೆಬ್ರವರಿ 11ರಂದು ಅಲ್ಲಿನ ಯಂತ್ರಕ್ಕೆ ಸಿಕ್ಕು ಅಸೂಟಿಯ ದುರ್ಗಾ ಎಂಬ ಕೂಲಿ ಹೆಣ್ಣುಮಗಳ ಬಲಗೈಯ ನಾಲ್ಕು ಬೆರಳು ಹೋಗಿದ್ದವು. ಯಂತ್ರದ ಕವಚ ಮುಚ್ಚಿತ್ತು, ಆಕೆಯೇ ತೆಗೆದು ಕೈ ಹಾಕಿದಳು ಎಂದು ಮಿಲ್ಲಿನ ಹೇಳಿಕೆ. ವಾರದಿಂದ ಕವಚ ಇರಲೇ ಇಲ್ಲ ಎಂದು ದುರ್ಗಾಳ ಹೇಳಿಕೆ. ಕವಚ ಇದೆಯೋ ಇಲ್ಲವೋ ಎಂಬುದು ನಿಮಿಷ ನಿಮಿಷಕ್ಕೂ ಮಿಲ್ಲಿನ ಸರ್ವರ್‌ನಲ್ಲಿ ದಾಖಲಾಗುತ್ತಿತ್ತು. ಅದನ್ನು ಕೇಳಿ ಶಶಿಕಾಂತ ಎರಡು ಪತ್ರ ಬರೆದಿದ್ದರು. ಹೊಸ ಸರ್ವರ್‌ಗೆ ಬದಲಾವಣೆ ನಡೆದಿದೆ, ಮುಗಿದ ಕೂಡಲೇ ಕೊಡುತ್ತೇವೆ ಎಂದು ಎರಡಕ್ಕೂ ಒಂದೇ ಉತ್ತರ. ಅದನ್ನು ನಂಬಿ ಕೂತಿದ್ದರು. ಈಗ ಅದೇ ಸರ್ವರ್ ಕೆಟ್ಟಿದ್ದರೆ ದುರ್ಗಾಳ ಮಾತಿಗೆ ಸಾಕ್ಷಿ ಎಲ್ಲಿಂದ ತರುವುದು? ಅವರಿಗೆ ತಮ್ಮ ಮೇಲೇ ಸಿಟ್ಟು ಬಂತು.

12.05ಕ್ಕೆ ಐಟಿ ಕಾಯ್ದೆ ಕಲಂ 66ರಡಿ ಎಫ್‌ಐಆರ್ ದಾಖಲಾಯಿತು. 12.40ಕ್ಕೆ ಶಶಿಕಾಂತ, ಹೆಡ್ ಕಾನ್‌ಸ್ಟೇಬಲ್ ನಾಜಮೀನ ಅವರೊಂದಿಗೆ ಮಿಲ್ಲಿನ ಆಫೀಸಿನಲ್ಲಿದ್ದರು. ಸರ್ವರ್ ಬದಲಿಸಲು ಗಜೇಂದ್ರಗಡದಿಂದ ಬಂದಿದ್ದ ತಂತ್ರಜ್ಞ ಪ್ರಬುದ್ಧ ಗೋಡೆಗೆ ಅಂಟಿ ನಿಂತಿದ್ದ. ಸಾಹುಕಾರ ಗುರುಸಂಗಪ್ಪನವರ ಅನುಮಾನವೆಲ್ಲ ಅವನ ಮೇಲೆಯೇ.

“ಏನಾಗೇತಿ? ನನಗ ತಿಳಿಯೂಹಂಗ ಹೇಳು.”

“ಹಳೇ ಸರ್ವರ್ ಒಂದ ಪೆಟಗಿ ಸರ್. ಆದ್ರ ಅದರೊಳಗ ಎರಡು ಕಂಪ್ಯೂಟರ್ ನಡೀತಾವ, ಕಣ್ಣಿಗೆ ಕಾಣೂದಿಲ್ಲ. ವರ್ಚುವಲ್ ಮಷೀನ್ ಅಂತೀವಿ. ಖರೇ ಹೇಳಬೇಕಂದ್ರ ಬರೇ ಫೈಲ್. ಆ ಫೈಲ್ ಹೊರಗಿನ ಸಣ್ಣ ಡಿಸ್ಕಿಗೆ ತಗೊಂಡು ಹೊಸಾ ಸರ್ವರಿಗೆ ಏರಸೂದು. ಶನಿವಾರ ತಗೊಂಡೆ. ಇವತ್ತ ಏರಿಸಿದ್ರ ಏರವಲ್ದು.”

“ನಡುವ ರವಿವಾರ ಯಾಕ ಬಿಟ್ಟಿ?”

“ಅಮಾಸಿ ಅಂತ ಸಾವ್ಕಾರ್ರು ಬ್ಯಾಡಂದ್ರು. ಡಿಸ್ಕ್ ಪೂಜಿಗೆ ಇಡ್ತೀನಿ, ಪಾಡ್ಯದ ದಿನ ಏರ್ಸು ಅಂದ್ರು.”

ಎರಡು ಸರ್ವರ್‌ಗಳ ಆವೃತ್ತಿ ಬೇರೆಯಾದ್ದರಿಂದ ಹೀಗಾಗಿರಬೇಕೆಂದು ಪ್ರಬುದ್ಧ ಮೊದಲು ಹಳೇ ಆವೃತ್ತಿಗೆ ಹೊಂದಿಸಿ ನೋಡಿದ್ದ. ಆಗಲಿಲ್ಲ. ಡಿಸ್ಕಿನ ಬಗೆ ಬದಲಿಸಿದ, ನೆಟ್‌ವರ್ಕ್ ಕಿತ್ತು ನೋಡಿದ, ಆಗಲೂ ಇಲ್ಲ. ಕೊನೆಗೆ ಫೈಲಿನ ಜೊತೆ ಬರುವ ಪಟ್ಟಿ ತೆರೆದ. ಫೈಲಿನೊಳಗಿನ ಒಂದೇ ಒಂದು ಅಕ್ಷರ ಬದಲಾದರೂ ಬದಲಾಗುವ ಗುರುತಿನ ಸಂಖ್ಯೆ ಅದರಲ್ಲಿರುತ್ತದೆ. ಶನಿವಾರ ತಾಳೆಯಾಗಿದ್ದ ಸಂಖ್ಯೆ ಸೋಮವಾರ ತಾಳೆಯಾಗಲಿಲ್ಲ. ಫೈಲಿನ ಮೇಲೆ ಯಾರೋ ಕೈಯಾಡಿಸಿದ ವೇಳೆ ರವಿವಾರ ಮಧ್ಯಾಹ್ನ 12.35.

“ಹಳೇದರಿಂದ ಇನ್ನೊಮ್ಮೆ ತಗೊಂಡ್ರ ಆಗಂಗಿಲ್ಲೇನು?”

“ನಾಕ್ ತಾಸಿನ ಕೆಲಸರಿ. ಅದನ್ನ ಹೇಳೂದ್ರಾಗ ಸಾವ್ಕಾರ್ರು ನಿಮ್ಮ ಕಡೆ ಗಾಡಿ ತಿರುವಿದ್ರು.”

“ಡಿಸ್ಕಿನಾಗ ಎರಡೂ ಅದಾವೇನು?”

“ಇಲ್ರಿ. ಆಫೀಸಿಂದು ಒಂದ. ಯಂತ್ರದ ದಾಖಲೆ ಇರೂ ಇನ್ನೊಂದು ಬ್ಯಾಡ ಅಂದ್ರು ಸಾವ್ಕಾರ್ರು. ಕೆಲಸ ಮುಗದ ಮ್ಯಾಲ ಹಳೇ ಸರ್ವರ್ ಪೂರಾ ಅಳಿಸಿಬಿಡು ಅಂದ್ರು.”

ಶಶಿಕಾಂತ ಕಿಟಕಿಯವರೆಗೆ ಹೋಗಿ ತಿರುಗಿ ಬಂದರು. ಫೈಲ್ ಏರಿದ್ದರೆ ಇಂದು ಸಂಜೆಯೊಳಗೆ ಎಲ್ಲ ಅಳಿಸಿಹೋಗುತ್ತಿತ್ತು. ತಾವು ಮೂರನೆಯ ಪತ್ರದ ಕರಡು ತಿದ್ದುತ್ತ ಕೂತಿರುತ್ತಿದ್ದರು.

“ಹಳೇ ಸರ್ವರ್ ಸೀಲ್ ಮಾಡ್ರಿ,” ಎಂದರು ನಾಜಮೀನರಿಗೆ.

“ಅದಕ್ಕೇನಾಗೇತ್ರಿ? ಕೆಟ್ಟಿದ್ದು ಡಿಸ್ಕ್!” ಗುರುಸಂಗಪ್ಪ ಅಡ್ಡ ಬಂದರು.

“ದೂರು ನೀವ ಕೊಟ್ಟೀರಿ ಸಾವ್ಕಾರ್ರ. ತನಿಖಿ ಮುಗಿಯೂತನಕ ಅದೂ ಪುರಾವೆ.”

2.10ಕ್ಕೆ ಇಬ್ಬರು ಪಂಚರ ಮುಂದೆ ಪಂಚನಾಮೆ ಮುಗಿಯಿತು. ಡಿಸ್ಕನ್ನು ಲಕೋಟೆಗೆ ಹಾಕುವಾಗ ನಾಜಮೀನ ಅದನ್ನು ತಿರುಗಿಸಿ ನೋಡಿದರು.

“ಸಾವ್ಕಾರ್ರ, ಪೂಜಿ ಮಾಡೀನಿ ಅಂದ್ರಿ. ಕುಂಕುಮ ಎಲ್ಲಿ?”

ಗುರುಸಂಗಪ್ಪ ಮೊಬೈಲಿನಲ್ಲಿ ಪೂಜೆಯ ಫೋಟೋ ತೋರಿಸಿದರು, ರವಿವಾರ 11.15ರದು. ಡಿಸ್ಕಿನ ಮುಖ ಯಾವುದೆಂದು ತಿಳಿಯದೆ, ಕೇಬಲ್ ಹಾಕುವ ಬಾಯಿಗೇ ಹಸಿ ಕುಂಕುಮ ಮೆತ್ತಿದ್ದರು. ಮೇಲೊಂದು ಮಲ್ಲಿಗೆ ಹೂವು.

“ಮುಂಜಾನೆ ನೀನು ಒರೆಸಿದೇನು?” ನಾಜಮೀನ ಪ್ರಬುದ್ಧನ ಕಡೆ ತಿರುಗಿದರು.

“ಇಲ್ರಿ ಅಕ್ಕಾರ. ಸ್ವಚ್ಛ ಇತ್ತು. ಸೀದಾ ಹಾಕಿದೆ,” ಎಂದ ಪ್ರಬುದ್ಧ.

ಅಂದರೆ ಪೂಜೆಯಾದ ಮೇಲೆ ರವಿವಾರವೇ ಯಾರೋ ಕುಂಕುಮ ಒರೆಸಿ ಕೇಬಲ್ ಹಾಕಿದ್ದರು. ಪ್ರಬುದ್ಧನ ಕೇಬಲ್ ರವಿವಾರವೆಲ್ಲ ಗಜೇಂದ್ರಗಡದಲ್ಲಿ, ಅವನ ಚೀಲದಲ್ಲಿತ್ತು. ಆಫೀಸಿನಲ್ಲಿ ಅಂಥದ್ದು ಇನ್ನೊಂದೇ. ಗುಮಾಸ್ತೆ ನಿರ್ಮಲಾ ಅವರ ಟೇಬಲ್ಲಿನ ಖಾನೆಯಲ್ಲಿ ಸಿಕ್ಕಿತು. ಅದರ ತುದಿಯ ಸಂದಿನಲ್ಲಿ ಕೆಂಪು ಒಣಗಿತ್ತು.

ನಿರ್ಮಲಾ ಹನ್ನೊಂದು ವರ್ಷದಿಂದ ಮಿಲ್ಲಿನಲ್ಲಿದ್ದರು. ಬೆಳಿಗ್ಗೆಯಿಂದ ಎಲ್ಲರಿಗೂ ಚಹಾ ತರಿಸಿಕೊಟ್ಟವರೂ ಅವರೇ. ಕೇಬಲ್ ನೋಡಿ ಅವರು ಗಾಬರಿಯಾಗಲಿಲ್ಲ.

“ರವಿವಾರ 12.35ಕ್ಕ ಎಲ್ಲಿದ್ರಿ?” ಎಂದರು ಶಶಿಕಾಂತ.

“ಇಲ್ಲೇ ಇದ್ನಿರಿ. ಸಾವ್ಕಾರ್ರು ಊಟಕ್ಕ ಹೋಗಿದ್ರು.”

“ಫೈಲ್ ಯಾಕ ಕೆಡಿಸಿದ್ರಿ?”

“ಕೆಡಿಸ್ಲಿಲ್ಲಂದ್ರ ಅದು ಏರತಿತ್ತು. ಏರಿದ್ರ ಹಳೇದು ಅಳಿಸ್ತಿದ್ರು. ಸಾವ್ಕಾರ್ರ ಸಿಟ್ಟು ನನಗ ಗೊತ್ತೈತ್ರಿ. ಏನಾರ ಕೆಟ್ರ ಮೊದ್ಲ ಠಾಣೆಗೆ ಓಡ್ತಾರ. ನೀವು ಬಂದ್ರ ಸೀಲ್ ಹಾಕ್ತೀರಿ.”

“ಠಾಣೆಗೆ ಬಂದು ಹೇಳಬೇಕಿತ್ತು.”

“ಬಂದಿದ್ನಲ್ರಿ. ಯುಗಾದಿ ಮುಂದ, ದುರ್ಗಾನ ಅವ್ವನ ಜೋಡಿ. ಪತ್ರ ಬರದೀವಿ, ಉತ್ತರ ಬರ್ಲಿ ಅಂದ್ರಿ ನೀವು. ಆ ಉತ್ತರ ಟೈಪ್ ಮಾಡಿದಾಕಿ ನಾನ. ಕವಚ ಮುಚ್ಚಿತ್ತು ಅನ್ನೂ ಹೇಳಿಕಿ ಟೈಪ್ ಮಾಡಿದಾಕಿನೂ ನಾನ.”

ಶಶಿಕಾಂತರಿಗೆ ಆ ಮುಖ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ನಾಚಿಕೆಯಿಂದ ಅವರು ಕಾಗದದ ಕಡೆ ನೋಡಿದರು.

ಸಂಜೆ 4.10ಕ್ಕೆ ನಾಜಮೀನ ಬಂಧನದ ಮೆಮೊ ಮುಂದಿಟ್ಟರು. “ಜಾಮೀನು ಸಿಗತೈತಿ, ಹೆದರಬ್ಯಾಡ್ರಿ,” ಎಂದರು.

ನಿರ್ಮಲಾ ಪೆನ್ನು ಹಿಡಿದು ಕೇಳಿದರು: “ಸರ್ವರಿಗೆ ಸೀಲ್ ಬಿತ್ತಲ್ರಿ?”

“ಬಿತ್ತು.”

ಆಮೇಲೆ ಸಹಿ ಹಾಕಿದರು. ಹಾಕುತ್ತ, ಯಾರೂ ಕೇಳದಿದ್ದರೂ ಹೇಳಿದರು: “ದುರ್ಗಾಗ ಸಹಿ ಕಲಿಸಿದಾಕಿ ನಾನರಿ. ಊಟದ ಹೊತ್ತಿನ್ಯಾಗ, ಎರಡು ತಿಂಗಳು ಹಿಡೀತು. ಕಲತು ಹದಿನೈದು ದಿನ ಆಗಿತ್ತು.”

ಠಾಣೆಗೆ ಮರಳಿದ ಶಶಿಕಾಂತ ಫೆಬ್ರವರಿಯ ಕಡತ ತೆಗೆದರು. ದುರ್ಗಾಳ ಹೇಳಿಕೆಯ ಕೆಳಗೆ ಎಡಗೈ ಹೆಬ್ಬೆಟ್ಟಿನ ಗುರುತಿತ್ತು. ಓದುಬರಹ ಬಾರದವಳು ಎಂದುಕೊಂಡು ಅವರೇ ಒತ್ತಿಸಿಕೊಂಡಿದ್ದರು. ಅದರ ಹಿಂದೆಯೇ ಮಿಲ್ಲಿನ ಹಾಜರಿ ಪುಸ್ತಕದ ಪ್ರತಿ. ಜನವರಿ 27ರಿಂದ ಫೆಬ್ರವರಿ 11ರವರೆಗೆ, ದಿನ ಬಿಡದೆ, ದೊಡ್ಡ ಸೊಟ್ಟ ಅಕ್ಷರದಲ್ಲಿ ದುರ್ಗಾ ಎಂದು ಬರೆದಿತ್ತು.